ಹಿಂದಿನ ಲೈಟು ಕಪ್ಪಾಗಬೇಕು, ಖರ್ಚು ಸಾವಿರ ದಾಟಬಾರದು

ಪ್ರಶ್ನೆ: ನನ್ನ ಹತ್ತಿರ 2013ರ ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್ ಇದೆ. ಬಿಳಿ ಬಣ್ಣ. ಹಿಂದಿನ ಲೈಟುಗಳು ಮಾಸಿ ಹೋಗಿ ಗಾಡಿಗೆ ವಯಸ್ಸಾದ ಹಾಗೆ ಕಾಣುತ್ತದೆ. ಅದಕ್ಕೆ ಸ್ಮೋಕ್ ಲುಕ್ (ಹೊಗೆಗಪ್ಪು ಬಣ್ಣ) ಕೊಡಬೇಕೆಂದಿದ್ದೇನೆ. ಫಿಲ್ಮ್ ಅಂಟಿಸುವುದು ಒಳ್ಳೆಯದೋ, ಸ್ಪ್ರೇ ಹೊಡೆಯುವುದೋ? ಮನೆಯಲ್ಲೇ ಮಾಡಬೇಕು, ₹1,000 ಒಳಗೆ ಮುಗಿಯಬೇಕು. ನಿಷೇಧ ಇರುವುದು ಗ್ಲಾಸಿನ ಫಿಲ್ಮ್‌ಗೆ ಮಾತ್ರ, ಲೈಟಿಗೆ ಯಾರೂ ಕೇಳುವುದಿಲ್ಲ ಎಂದು ಗೆಳೆಯ ಹೇಳುತ್ತಾನೆ. ಹೌದಾ? ಬ್ರೈಟ್ ಎಲ್‌ಇಡಿ ಬಲ್ಬ್ ಹಾಕಿದರೆ ಸರಿಹೋಗುತ್ತದೆ ಅಂತಲೂ ಅಂದ. ಕೆಲಸಕ್ಕೆಂದು ದಿನಾ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುತ್ತೇನೆ, ವಾಪಸ್ ಬರುವಾಗ ರಾತ್ರಿ ಆಗುತ್ತದೆ. (ಒಬ್ಬ ಓದುಗ, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ:

ದಿನಾ ರಾತ್ರಿ ವಾಪಸ್ ಬರುತ್ತೇನೆ ಎಂದಿರಲ್ಲ, ನನ್ನ ಉತ್ತರವೆಲ್ಲ ಆ ಮಾತಿನ ಮೇಲೆಯೇ ನಿಂತಿದೆ.

ನನ್ನದು ಕಾರಿನ ಬಣ್ಣ, ಪಾಲಿಶ್ ಕೆಲಸ. ಗೋಕುಲ ರಸ್ತೆ ಕಡೆಯ ಗ್ಯಾರೇಜಿನಲ್ಲಿ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಉಜ್ಜುತ್ತ ಕಲಿತವನು. ಹಾಗಾಗಿ ಕಪ್ಪು ಲೈಟಿನ ಆಸೆ ಎಂಥದ್ದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನಾನೂ ಮಾಡಿದ್ದೇನೆ. ಆಗ ಈಗಿನ ಹಾಗೆ ಟಿಂಟ್ ಸ್ಪ್ರೇ ಡಬ್ಬಿ ಸುಲಭವಾಗಿ ಸಿಗುತ್ತಿರಲಿಲ್ಲ. ಕ್ಲಿಯರ್ ಲ್ಯಾಕರ್‌ಗೆ ನಾಲ್ಕು ಹನಿ ಕಪ್ಪು ಬೆರೆಸಿ, ಪೇಂಟ್ ಗನ್ನಿನಲ್ಲಿ ಮೂರು ಕೋಟ್ ಹೊಡೆದೆ. ಒಣಗಿದ ಮೇಲೆ ನೋಡಿದರೆ ಕಣ್ಣಿಗೆ ಹಬ್ಬ. ಒಂದು ವಾರ ಎಲ್ಲರಿಗೂ ತೋರಿಸಿಕೊಂಡು ತಿರುಗಿದೆ.

ಆಮೇಲೆ ಒಂದು ಸಂಜೆ, ಶ್ರಾವಣದ ಜಿಟಿಜಿಟಿ ಮಳೆ. ನವಲೂರು ದಾಟುವಾಗ ಎಮ್ಮೆ ಅಡ್ಡ ಬಂತು, ಬ್ರೇಕ್ ಹಾಕಿದೆ. ಹಿಂದೆ ಹಾಲಿನ ಕ್ಯಾನ್ ಕಟ್ಟಿಕೊಂಡು ಬರುತ್ತಿದ್ದ ಬೈಕಿನವ ಬಂಪರ್‌ಗೆ ಬಂದು ತಾಗಿದ. ಪುಣ್ಯಕ್ಕೆ ಅವನಿಗೆ ಏನೂ ಆಗಲಿಲ್ಲ, ಹಾಲು ಮಾತ್ರ ರಸ್ತೆ ಪಾಲಾಯಿತು. ನಾನು ಜೋರು ಮಾಡಲು ಇಳಿದೆ. ಅವನೇ ಮೊದಲು ಕೇಳಿದ: “ಯಣ್ಣಾ, ಬ್ರೇಕ್ ಲೈಟ್ ಹತ್ತತೈತೇನ್ ನಿಂದು?” ಹೆಂಡತಿಗೆ ಬ್ರೇಕ್ ಒತ್ತಲು ಹೇಳಿ ತೋರಿಸಿದೆ. ಬಗ್ಗಿ ನೋಡಿದ. “ಹತ್ತೈತಿ ಬಿಡು. ಆದ್ರ ಹತ್ತಿದ್ದು ನಿನಗಷ್ಟ ಗೊತ್ತು” ಅಂದ. ಹಾಲಿನ ದುಡ್ಡು ನಾನೇ ಕೊಟ್ಟೆ. ಆ ಲ್ಯಾಕರ್ ತೆಗೆಯಲು ಎರಡು ಭಾನುವಾರ ಹೋಯಿತು.

ಇಷ್ಟು ಹೇಳಿದ್ದು ನಿಮ್ಮನ್ನು ಹೆದರಿಸಲು ಅಲ್ಲ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ವಿಷಯ ಸೇರಿಕೊಂಡಿವೆ. ಲೈಟು ಮಾಸಿದೆ ಎನ್ನುವುದು ಒಂದು, ಕಪ್ಪು ಬೇಕು ಎನ್ನುವುದು ಇನ್ನೊಂದು. ಮಾಸಿದ್ದನ್ನು ಕಪ್ಪು ಹಾಕಿ ಮುಚ್ಚುವ ಬದಲು ಮಾಸಿದ್ದನ್ನೇ ತೆಗೆಯಿರಿ. ಕಪ್ಪು ಬೇಕೇಬೇಕು ಅಂದರೆ ಬೆಳಕು ಹೊರಗೆ ಬರುವ ಜಾಗ ಬಿಟ್ಟು ಅದರ ಸುತ್ತ ಹಾಕಿ. ಎರಡೂ ನಿಮ್ಮ ಸಾವಿರ ರೂಪಾಯಿಯಲ್ಲೇ ಆಗುತ್ತವೆ. ಹೇಗೆಂದು ಹೇಳುತ್ತೇನೆ. ಅದಕ್ಕೂ ಮೊದಲು ನಿಮ್ಮ ಗೆಳೆಯನ ಮಾತು.

ಗ್ಲಾಸಿನ ಕಪ್ಪು ಫಿಲ್ಮ್‌ ಬೇಡವೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದ್ದು ನಿಜ. ಆ ಆದೇಶ ಕಿಟಕಿ ಗ್ಲಾಸಿನದ್ದು. ಅದರಲ್ಲಿ ಲೈಟಿನ ಮಾತಿಲ್ಲ ಅಂದ ಮಾತ್ರಕ್ಕೆ ಲೈಟಿಗೆ ಏನು ಬೇಕಾದರೂ ಮಾಡಬಹುದು ಅಂತಲ್ಲ. ಲೈಟಿಗೆ ಅದಕ್ಕಿಂತ ಹಳೆಯ ನಿಯಮವೇ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 105ನೇ ನಿಯಮ ಓದಿ. ಹಿಂದಿನ ಕೆಂಪು ದೀಪ 155 ಮೀಟರ್ ದೂರದಿಂದ ಕಾಣಬೇಕು ಎನ್ನುತ್ತದೆ. ಅದರ ಹಿಂದಿನ 104ನೇ ನಿಯಮ ರಿಫ್ಲೆಕ್ಟರ್‌ ಬಗ್ಗೆ. ಇನ್ನು 2019ರ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ ಇದೆ. ನಿಯಮ ಒಪ್ಪದ ಬದಲಾವಣೆ ಮಾಡಿದ ಮಾಲೀಕನಿಗೆ ಪ್ರತಿ ಬದಲಾವಣೆಗೆ ₹5,000 ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸಾವಿರದ ಕೆಲಸಕ್ಕೆ ಐದು ಸಾವಿರ. “ಯಾರೂ ಕೇಳುವುದಿಲ್ಲ” ಎನ್ನುವ ಗೆಳೆಯ ಅದರಲ್ಲಿ ಅರ್ಧ ಕೊಡುತ್ತಾನಾ ಕೇಳಿ ನೋಡಿ.

ನಿಮ್ಮ ಗಾಡಿ 2013ರದ್ದು. ಹದಿನೈದು ವರ್ಷ ತುಂಬಿದಾಗ ಆರ್‌ಸಿ ನವೀಕರಣಕ್ಕೆ ಆರ್‌ಟಿಒ ಕಚೇರಿಯಲ್ಲಿ ಗಾಡಿ ತೋರಿಸಲೇಬೇಕು. ಕೆಎ 25 ಆಗಲಿ, ಕೆಎ 63 ಆಗಲಿ, ಅಲ್ಲಿ ಲೈಟು ನೋಡದೆ ಬಿಡುವುದಿಲ್ಲ. ಫಿಲ್ಮ್ ಆದರೆ ಹಿಂದಿನ ದಿನ ನೀವೇ ಕಿತ್ತು ತೆಗೆದು ಹೋಗಬಹುದು. ಸ್ಪ್ರೇ ಆಗಿದ್ದರೆ ನನ್ನ ಹಾಗೆ ಎರಡು ಭಾನುವಾರ.

ಕಾನೂನಿನ ಮಾತು ಅಷ್ಟು ಸಾಕು. ನನಗೆ ಮುಖ್ಯ ಅನಿಸುವುದು ಲೆಕ್ಕ. ರೇಡಿಯಂ ಕಟಿಂಗ್ ಅಂಗಡಿಗೆ ಹೋದರೆ ಲೈಟ್ ಸ್ಮೋಕ್, ಮೀಡಿಯಂ, ಡಾರ್ಕ್ ಅಂತ ಫಿಲ್ಮ್ ತೋರಿಸುತ್ತಾರೆ. ಮೀಡಿಯಂ ಫಿಲ್ಮ್ ಅರ್ಧ ಬೆಳಕು ಬಿಡುತ್ತದೆ ಅಂತ ಇಟ್ಟುಕೊಳ್ಳಿ. “ಅರ್ಧ ಇದ್ದರೆ ಸಾಕಲ್ವಾ?” ಎಂದು ಎಲ್ಲರಿಗೂ ಅನಿಸುತ್ತದೆ. ಆದರೆ ಹಿಂದಿನ ಲೈಟಿನಲ್ಲಿ ಬಲ್ಬ್ ಒಂದೇ ಇರುವುದಲ್ಲ, ರಿಫ್ಲೆಕ್ಟರೂ ಇರುತ್ತದೆ. ಅದಕ್ಕೆ ತನ್ನದೇ ಬೆಳಕಿಲ್ಲ. ಹಿಂದಿನ ಗಾಡಿಯ ಹೆಡ್‌ಲೈಟ್ ಬೆಳಕನ್ನು ತಿರುಗಿಸಿ ಕಳಿಸುವುದಷ್ಟೇ ಅದರ ಕೆಲಸ. ಆ ಬೆಳಕು ಫಿಲ್ಮ್ ದಾಟಿ ಒಳಗೆ ಹೋಗುವಾಗ ಅರ್ಧ ಕಳೆಯಿತು. ತಿರುಗಿ ಹೊರಗೆ ಬರುವಾಗ ಉಳಿದದ್ದರಲ್ಲಿ ಮತ್ತೆ ಅರ್ಧ ಕಳೆಯಿತು. ಉಳಿದದ್ದು ಕಾಲು ಭಾಗ. ಡಾರ್ಕ್ ಫಿಲ್ಮ್ ಶೇ 30ರಷ್ಟು ಬಿಡುತ್ತದೆ ಅಂದರೆ ರಿಫ್ಲೆಕ್ಟರ್‌ನಲ್ಲಿ ಉಳಿಯುವುದು ಶೇ 9.

ರಿಫ್ಲೆಕ್ಟರ್ ಬೇಕಾಗುವುದು ಯಾವಾಗ? ಬ್ಯಾಟರಿ ಸತ್ತು, ಲೈಟೆಲ್ಲ ಆರಿ, ಗಾಡಿ ರಸ್ತೆ ಬದಿ ನಿಂತಾಗ. ಬೈಪಾಸಿನಲ್ಲಿ ರಾತ್ರಿ ಹನ್ನೊಂದಕ್ಕೆ ಹಾಗೆ ನಿಂತು, ಹಿಂದಿನಿಂದ ಲಾರಿ ಬರುವುದನ್ನು ನೋಡಿದವರಿಗೆ ಆ ಬೆರಳಗಲದ ಕೆಂಪು ಪ್ಲಾಸ್ಟಿಕ್ಕಿನ ಬೆಲೆ ಗೊತ್ತು. ಹಳಿಯಾಳ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಹೋದಾಗ ನಾವೆಲ್ಲ ಬೈಯುತ್ತೇವೆ, ಟ್ರೇಲರ್‌ಗೆ ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ ಅಂತ. ಅವನದ್ದು ಹಾಳಾಗಿ ಹೋದದ್ದು. ನಾವು ದುಡ್ಡು ಕೊಟ್ಟು ಇಲ್ಲದಂತೆ ಮಾಡಿಕೊಳ್ಳುತ್ತೇವೆ.

ಈಗ ಬಲ್ಬಿನ ಲೆಕ್ಕ. ನಿಮ್ಮ ಕಾಲದ ಹ್ಯಾಚ್‌ಬ್ಯಾಕ್‌ಗಳಲ್ಲಿ ಹೆಚ್ಚಾಗಿ ಎರಡು ತಂತಿ ಎಳೆ (ಫಿಲಮೆಂಟ್) ಇರುವ ಬಲ್ಬ್ ಇರುತ್ತದೆ, 21/5 ವ್ಯಾಟ್‌ನದ್ದು. 21 ವ್ಯಾಟಿನ ಎಳೆ ಬ್ರೇಕಿಗೆ, 5 ವ್ಯಾಟಿನದ್ದು ರಾತ್ರಿ ಉರಿಯುವ ಟೇಲ್ ಲೈಟಿಗೆ. ಬ್ರೇಕಿನ ಎಳೆ ಕೊಡುವ ಬೆಳಕು ಸುಮಾರು 440 ಲ್ಯೂಮೆನ್ (ಬೆಳಕಿನ ಅಳತೆ). ಟೇಲ್ ಎಳೆಯದ್ದು ಬರೀ 35. ಅಂದರೆ ಟೇಲ್ ಲೈಟ್ ಮೊದಲೇ ಬಡವ. ಶೇ 30ರ ಫಿಲ್ಮ್ ಹಾಕಿದರೆ ಅದರಲ್ಲಿ ಉಳಿಯುವುದು ಹತ್ತು ಲ್ಯೂಮೆನ್ ಚಿಲ್ಲರೆ. ಬ್ರೇಕ್ ಲೈಟ್ ರಾತ್ರಿ ಹೇಗೋ ಕಾಣುತ್ತದೆ. ಅದಕ್ಕೆ ಕಷ್ಟ ಮಧ್ಯಾಹ್ನ ಹನ್ನೆರಡರ ಬಿಸಿಲಿನಲ್ಲಿ. ಸೂರ್ಯನ ಎದುರು ಉರಿದು ತಾನು ಹತ್ತಿದ್ದೇನೆ ಎಂದು ತೋರಿಸಿಕೊಳ್ಳಬೇಕಲ್ಲ.

ಇನ್ನೊಂದು ವಿಷಯ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹತ್ತು ವರ್ಷ ದಾಟಿದ ಗಾಡಿಯಲ್ಲಿ ಬಲ್ಬ್ ಹೋಲ್ಡರ್ ಹಸಿರು ಹಿಡಿದಿರುತ್ತದೆ, ಅರ್ಥ್ ವೈರ್ ತುಕ್ಕು ತಿಂದಿರುತ್ತದೆ. ಬಲ್ಬಿಗೆ ಹೋಗುವ ವೋಲ್ಟೇಜ್ ಶೇ 10 ಕಡಿಮೆಯಾದರೆ ಬೆಳಕು ಶೇ 10 ಕಡಿಮೆಯಾಗುವುದಿಲ್ಲ, ಸುಮಾರು ಶೇ 30 ಕಡಿಮೆಯಾಗುತ್ತದೆ. ಎಳೆಯ ಬಲ್ಬಿನ ಗುಣವೇ ಹಾಗೆ. ಅದರ ಮೇಲೆ ಅರ್ಧ ಬಿಡುವ ಫಿಲ್ಮ್ ಹಾಕಿದರೆ ಹೊಸ ಗಾಡಿಯ ಬೆಳಕಿನಲ್ಲಿ ಮೂರನೇ ಒಂದು ಭಾಗ ಉಳಿಯಿತು.

ಬಿಆರ್‌ಟಿಎಸ್ ಪಕ್ಕದ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ.ನಲ್ಲಿ ನಿಮ್ಮ ಹಿಂದೆ ಬರುವವನು ಒಂದು ಸೆಕೆಂಡಿಗೆ 16 ಮೀಟರಿಗಿಂತ ಜಾಸ್ತಿ ಮುಂದೆ ಬರುತ್ತಾನೆ. ಬ್ರೇಕ್ ಲೈಟ್ ಹತ್ತಿತೋ ಇಲ್ಲವೋ ಎಂದು ಅವನು ಅರ್ಧ ಸೆಕೆಂಡ್ ಅನುಮಾನಪಟ್ಟರೆ ಎಂಟು ಮೀಟರ್ ಹೋಯಿತು. ನಿಮ್ಮಂಥ ಎರಡು ಕಾರು ನಿಲ್ಲುವ ಜಾಗ.

ವಿಡಿಯೊಗಳಲ್ಲಿ ಚೆನ್ನಾಗೇ ಕಾಣುತ್ತದಲ್ಲ ಎನ್ನಬಹುದು. ಮೊಬೈಲ್ ಕ್ಯಾಮೆರಾ ಕತ್ತಲೆ ಕಂಡರೆ ತಾನೇ ಬೆಳಕು ಏರಿಸಿಕೊಳ್ಳುತ್ತದೆ. ಮಂದ ದೀಪವೂ ಅದರಲ್ಲಿ ನಿಗಿನಿಗಿ ಕೆಂಡ. ಲಾರಿ ಡ್ರೈವರನ ಕಣ್ಣಿಗೆ ಆ ಸೌಲಭ್ಯ ಇಲ್ಲ.

ಸರಿ, ಈಗ ಕೆಲಸ.

ಮೊದಲು ಒಳಗಿನಿಂದ ಶುರು ಮಾಡಿ. ಹೆಚ್ಚಿನ ಗಾಡಿಗಳಲ್ಲಿ ಡಿಕ್ಕಿ ಎತ್ತಿದರೆ ಲೈಟಿನ ಪಕ್ಕ ಎರಡು ಸ್ಕ್ರೂ ಅಥವಾ ನಟ್ ಕಾಣುತ್ತವೆ. ಬಿಚ್ಚಿ, ಲೈಟನ್ನು ನೇರವಾಗಿ ಹಿಂದಕ್ಕೆ ಎಳೆದರೆ ಕ್ಲಿಪ್ ಬಿಟ್ಟು ಬರುತ್ತದೆ. ಪಕ್ಕಕ್ಕೆ ತಿರುಚಬೇಡಿ, ಕ್ಲಿಪ್ ಮುರಿಯುತ್ತದೆ. ಬಲ್ಬಿನ ಗಾಜು ಒಳಗಿನಿಂದ ಕಪ್ಪಾಗಿದ್ದರೆ ಅದರ ಆಯಸ್ಸು ಮುಗಿದ ಹಾಗೆ, ಹೊಸದು ಹಾಕಿ. ಹೋಲ್ಡರ್‌ನ ಹಿತ್ತಾಳೆ ಪಟ್ಟಿಗಳನ್ನು ಸಣ್ಣ ವಾಟರ್ ಪೇಪರ್‌ನಿಂದ ಉಜ್ಜಿ. ಅರ್ಥ್ ವೈರ್ ಬಾಡಿಗೆ ಕಚ್ಚಿರುವ ಬೋಲ್ಟ್ ಬಿಚ್ಚಿ, ತುಕ್ಕು ಕೆರೆದು, ಮತ್ತೆ ಬಿಗಿ ಮಾಡಿ. ಈ ಕೆಲಸಕ್ಕೆ ಐವತ್ತು ರೂಪಾಯಿಯೂ ಖರ್ಚಿಲ್ಲ. ಎಷ್ಟೋ ಗಾಡಿಗಳ ಲೈಟು ಇಷ್ಟರಲ್ಲೇ ಕಣ್ಣು ಬಿಟ್ಟದ್ದನ್ನು ನೋಡಿದ್ದೇನೆ.

ಆಮೇಲೆ ಲೆನ್ಸ್. ಹೆಡ್‌ಲೈಟಿನ ಪ್ಲಾಸ್ಟಿಕ್ ಬೇರೆ, ಟೇಲ್ ಲೈಟಿನದ್ದು ಬೇರೆ. ಹೆಡ್‌ಲೈಟ್ ಪಾಲಿಕಾರ್ಬೊನೇಟ್. ಮೇಲಿನ ಕೋಟಿಂಗ್ ಹೋದರೆ ಬಿಸಿಲಿಗೆ ಹಳದಿ ಆಗುತ್ತದೆ. ಹಿಂದಿನದ್ದು ಸಾಮಾನ್ಯವಾಗಿ ಅಕ್ರಿಲಿಕ್. ಅದು ಅಷ್ಟು ಬೇಗ ಹಳದಿ ಆಗುವುದಿಲ್ಲ, ಮಂಕಾಗುತ್ತದೆ. ಕಾರಣ ನಾವೇ. ದೂಳು ಕೂತ ಲೈಟನ್ನು ಒಣ ಬಟ್ಟೆಯಲ್ಲಿ ಒರೆಸುತ್ತೇವೆ. ಆ ದೂಳೇ ಉಪ್ಪುಕಾಗದ ಆಗಿ ಸಾವಿರ ಸಣ್ಣ ಗೀರು ಎಳೆಯುತ್ತದೆ. ಬೋರ್ ನೀರಿನಲ್ಲಿ ತೊಳೆದು ಬಿಸಿಲಿಗೆ ಬಿಟ್ಟರೆ ಉಪ್ಪಿನ ಬಿಳಿ ಕಲೆ ಬೇರೆ. ಗದಗ ಕಡೆಯಿಂದ ಬರುವ ಗಾಡಿಗಳಲ್ಲಿ ಈ ಕಲೆ ನಾನು ಜಾಸ್ತಿ ನೋಡುತ್ತೇನೆ.

ಇಲ್ಲೊಂದು ಎಚ್ಚರಿಕೆ. ಕಲೆ ಹೋಗಲಿ ಎಂದು ಥಿನ್ನರ್ ಹಾಕಬೇಡಿ. ಪೆಟ್ರೋಲೂ ಬೇಡ. ಅಕ್ರಿಲಿಕ್ಕಿಗೆ ಥಿನ್ನರ್ ತಾಗಿದರೆ ಒಳಗೊಳಗೇ ಜೇಡರ ಬಲೆಯಂಥ ಬಿರುಕು ಬಿಡುತ್ತದೆ, ಕೆಲವು ಸಲ ಅವತ್ತೇ, ಕೆಲವು ಸಲ ವಾರದ ಮೇಲೆ. ಅದಕ್ಕೆ ಮದ್ದಿಲ್ಲ, ಲೈಟನ್ನೇ ಬದಲಿಸಬೇಕು. ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ, ಒಂದು ಮಗ್ ನೀರು, ಅಷ್ಟೇ ಸಾಕು. ಉಪ್ಪಿನ ಕಲೆಗೆ ಅಡುಗೆ ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಐದು ನಿಮಿಷ ಅಂಟಿಸಿಟ್ಟು ತೊಳೆಯಿರಿ.

ತೊಳೆದು ಒಣಗಿದ ಮೇಲೆ ಉಗುರು ಗೀರಿ ನೋಡಿ. ಉಗುರಿಗೆ ಸಿಗುವಷ್ಟು ಆಳದ ಗೀರು ಇದ್ದರೆ ಮಾತ್ರ ವಾಟರ್ ಪೇಪರ್ ಬೇಕು. ಇಲ್ಲದಿದ್ದರೆ ನೇರ ರಬ್ಬಿಂಗ್ ಕಾಂಪೌಂಡ್, ಅಂದರೆ ಗೀರು ತೆಗೆಯುವ ಪಾಲಿಶ್ ಪೇಸ್ಟ್. ಪೇಪರ್ ಬೇಕಾದರೆ 1500 ನಂಬರಿನಿಂದ ಶುರು ಮಾಡಿ, 2000ದಲ್ಲಿ ಮುಗಿಸಿ. ಅದಕ್ಕಿಂತ ಒರಟು ಪೇಪರ್ ಮನೆಯಲ್ಲಿ ಮುಟ್ಟಬೇಡಿ. ಪೇಪರನ್ನು ಹದಿನೈದು ನಿಮಿಷ ನೀರಿನಲ್ಲಿ ನೆನೆಸಿ. ಬೆರಳಿನಿಂದ ಒತ್ತಬೇಡಿ, ಬೆರಳಿನ ಅಚ್ಚು ತಗ್ಗು ಬೀಳುತ್ತದೆ. ಹಳೆಯ ಹವಾಯಿ ಚಪ್ಪಲಿಯ ತುಂಡು ಕತ್ತರಿಸಿ, ಅದಕ್ಕೆ ಪೇಪರ್ ಸುತ್ತಿ ಉಜ್ಜಿ. ನಮ್ಮ ಗ್ಯಾರೇಜಿನಲ್ಲಿ ಈಗಲೂ ಅದೇ ಇದೆ. ನೀರು ಹಾಕುತ್ತಲೇ ಇರಬೇಕು. 1500ರಲ್ಲಿ ಅಡ್ಡ ಉಜ್ಜಿದರೆ 2000ದಲ್ಲಿ ಉದ್ದ ಉಜ್ಜಿ. ಹಿಂದಿನ ಗೆರೆ ಪೂರ್ತಿ ಹೋಯಿತೋ ಇಲ್ಲವೋ ಆಗ ಗೊತ್ತಾಗುತ್ತದೆ. ಈ ಹಂತದಲ್ಲಿ ಲೆನ್ಸ್ ಮಬ್ಬಾಗಿ, ಕೆಲಸ ಕೆಟ್ಟೇ ಹೋಯಿತು ಅನಿಸುತ್ತದೆ. ಗಾಬರಿ ಬೇಡ.

ಲೈಟನ್ನು ಬಿಚ್ಚದೆ ಗಾಡಿಯಲ್ಲೇ ಉಜ್ಜುವುದಾದರೆ ಸುತ್ತಲಿನ ಬಣ್ಣಕ್ಕೆ ಮಾಸ್ಕಿಂಗ್ ಟೇಪ್ ಎರಡು ಸುತ್ತು ಹಾಕಿ. ಬಿಳಿ ಕಾರಿಗೆ ಕಾಂಪೌಂಡ್ ಕಲೆ ಕಾಣುವುದಿಲ್ಲ ಅಂತ ಬಿಟ್ಟರೆ ಸಂದಿಯಲ್ಲಿ ಒಣಗಿ ಸುಣ್ಣದ ಹಾಗೆ ಕೂರುತ್ತದೆ.

ರಬ್ಬಿಂಗ್ ಕಾಂಪೌಂಡ್ ಕಡಲೆ ಗಾತ್ರದಷ್ಟು ತಗೊಂಡು, ಒದ್ದೆ ಮೈಕ್ರೊಫೈಬರ್ ಬಟ್ಟೆಯಲ್ಲಿ ಅಂಗೈ ಅಗಲದಷ್ಟೇ ಜಾಗ ಉಜ್ಜಿ. ಒಂದು ಲೈಟಿಗೆ ಅರ್ಧ ತಾಸು ಬೇಕು. ತೋಳು ನೋಯಬೇಕು, ನೋಯದಿದ್ದರೆ ಉಜ್ಜಿಲ್ಲ ಅಂತ ಅರ್ಥ. ಡ್ರಿಲ್ ಮಷಿನ್‌ಗೆ ಪ್ಯಾಡ್ ಹಾಕಿ ಉಜ್ಜಬಹುದೇ ಎಂದು ಹಲವರು ಕೇಳುತ್ತಾರೆ. ಕೈ ಪಳಗಿದ್ದರೆ ಮಾಡಬಹುದು. ಆದರೆ ಒಂದೇ ಜಾಗದಲ್ಲಿ ನಿಲ್ಲಿಸಿದರೆ ಪ್ಲಾಸ್ಟಿಕ್ ಬಿಸಿಯಾಗಿ ಕರಗುತ್ತದೆ. ಮೊದಲ ಸಲ ಕೈಯೇ ಒಳ್ಳೆಯದು. ಕೊನೆಗೆ ಮಾಮೂಲಿ ಕಾರ್ ವ್ಯಾಕ್ಸ್ ತೆಳುವಾಗಿ ಸವರಿ ಒರೆಸಿ.

ಪೇಪರ್ ಎರಡು ಹಾಳೆ, ಟೇಪು, ಸಣ್ಣ ಡಬ್ಬಿ ಕಾಂಪೌಂಡ್, ಎರಡು ಬಟ್ಟೆ, ಎಲ್ಲ ಸೇರಿ ನಾನೂರರ ಆಸುಪಾಸು. ಒಂದು ಲೈಟು ಮುಗಿಸಿ ಇನ್ನೊಂದನ್ನು ಮುಟ್ಟುವ ಮೊದಲು ಎರಡನ್ನೂ ಪಕ್ಕಪಕ್ಕ ನೋಡಿ. ಕಪ್ಪು ಬೇಕು ಎಂಬ ಆಸೆ ಇಲ್ಲೇ ಅರ್ಧ ಜನಕ್ಕೆ ಇಳಿದುಬಿಡುತ್ತದೆ. ತೊಳೆದ ದಾಳಿಂಬೆ ಬೀಜದ ಹಾಗೆ ಕಾಣುವ ಕೆಂಪಿನ ಮೇಲೆ ಹೊಗೆ ಬಣ್ಣ ಹಾಕಲು ಮನಸ್ಸು ಬರುವುದಿಲ್ಲ.

ನಿಮಗೆ ಇಳಿಯಲಿಲ್ಲ ಅಂತಿಟ್ಟುಕೊಳ್ಳಿ. ಆಗ ಕಪ್ಪನ್ನು ಸುತ್ತ ಹಾಕೋಣ.

ಬಿಳಿ ಕಾರಿನಲ್ಲಿ ಇದು ಸುಲಭ, ಏಕೆಂದರೆ ಬಿಳಿಯ ಪಕ್ಕ ಸ್ವಲ್ಪ ಕಪ್ಪು ಇದ್ದರೂ ಎದ್ದು ಕಾಣುತ್ತದೆ. ಎರಡು ಲೈಟುಗಳ ನಡುವೆ, ನಂಬರ್ ಪ್ಲೇಟಿನ ಮೇಲೆ ಕ್ರೋಮ್ ಪಟ್ಟಿ ಇದ್ದರೆ ಅದಕ್ಕೆ ಗ್ಲಾಸಿ ಬ್ಲ್ಯಾಕ್ (ಹೊಳಪಿನ ಕಪ್ಪು) ವಿನೈಲ್ ಸ್ಟಿಕರ್ ಸುತ್ತಿ. ನಂಬರ್ ಪ್ಲೇಟಿಗೆ ಬೆಳಕು ಬೀಳುವ ಸಣ್ಣ ದೀಪ ಅಲ್ಲೇ ಕೆಳಗೆ ಇರುತ್ತದೆ, ಅದನ್ನು ಮುಚ್ಚಬೇಡಿ. ಲೈಟಿನ ಅಂಚಿಗೆ ತಾಗಿಕೊಂಡಿರುವ ಬಾಡಿಯ ಮೇಲೆ ಬೆರಳಗಲದ ಕಪ್ಪು ಅಂಚು ಕೊಟ್ಟರೆ ಲೈಟು ಕಾಡಿಗೆ ಹಚ್ಚಿದ ಕಣ್ಣಿನ ಹಾಗೆ ಆಳವಾಗಿ ಕಾಣುತ್ತದೆ. ದೂರದಿಂದ ನೋಡಿದವರು ಸ್ಮೋಕ್ ಮಾಡಿಸಿದ್ದೀಯಾ ಎಂದೇ ಕೇಳುತ್ತಾರೆ. ಅಡ್ಡ ಒಂದು ಅಡಿ, ಉದ್ದ ಮೂರ್ನಾಲ್ಕು ಅಡಿ ವಿನೈಲ್ ಸಾಕು. ರೇಡಿಯಂ ಅಂಗಡಿಯಲ್ಲಿ ಇನ್ನೂರು ಮುನ್ನೂರರಲ್ಲಿ ಸಿಗುತ್ತದೆ.

ಲೆನ್ಸ್ ಮೇಲೇ ಸ್ವಲ್ಪ ಕಪ್ಪು ಬೇಕು ಅನ್ನುವುದಾದರೆ ಒಂದು ಪರೀಕ್ಷೆ ಮಾಡಿ. ಕೆಲವು ಗಾಡಿಗಳ ಲೈಟಿನಲ್ಲಿ ಹಿಂದೆ ಬಲ್ಬೇ ಇಲ್ಲದ, ಅಂದಕ್ಕೆ ಮಾತ್ರ ಇರುವ ಭಾಗ ಇರುತ್ತದೆ. ಅದನ್ನು ಹುಡುಕಲು ರಾತ್ರಿ ಬೇಕು, ಜೊತೆಗೊಬ್ಬರು ಬೇಕು. ಪಾರ್ಕಿಂಗ್, ಬ್ರೇಕ್, ಇಂಡಿಕೇಟರ್, ರಿವರ್ಸ್ ಎಲ್ಲವನ್ನೂ ಒಂದೊಂದಾಗಿ ಹಾಕಿಸಿ. ಯಾವುದಕ್ಕೂ ಬೆಳಗದ ಜಾಗವನ್ನು ಗುರುತು ಮಾಡಿ. ಆಮೇಲೆ ಎಲ್ಲ ಆರಿಸಿ, ಹತ್ತು ಹೆಜ್ಜೆ ಹಿಂದೆ ಹೋಗಿ, ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿದು ಲೈಟಿಗೆ ಬಿಡಿ. ಬೆಕ್ಕಿನ ಕಣ್ಣಿನ ಹಾಗೆ ಹೊಳೆಯುವ ಜಾಗವೇ ರಿಫ್ಲೆಕ್ಟರ್. ಟಾರ್ಚ್ ಕೆಳಗೆ ಹಿಡಿದರೆ ಹೊಳಪು ಕಾಣದು, ಏಕೆಂದರೆ ರಿಫ್ಲೆಕ್ಟರ್ ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತದೆ. ಕೆಲವು ಗಾಡಿಗಳಲ್ಲಿ ಇದು ಲೈಟಿನಲ್ಲಿ ಇರದೆ ಕೆಳಗೆ ಬಂಪರಿನಲ್ಲಿ ಇರುತ್ತದೆ. ಬೆಳಗದ, ಹೊಳೆಯದ ಜಾಗ ಉಳಿದರೆ ಅಲ್ಲಿಗೆ ಮಾತ್ರ ವಿನೈಲ್. ಉಳಿಯದಿದ್ದರೆ ಲೆನ್ಸ್ ಬಿಟ್ಟುಬಿಡಿ.

ವಿನೈಲ್ ಆಗಲಿ, ಸ್ಮೋಕ್ ಫಿಲ್ಮ್ ಆಗಲಿ, ಅಂಟಿಸುವ ರೀತಿ ಹೆಚ್ಚು ಕಡಿಮೆ ಒಂದೇ. ಸ್ಮೋಕ್ ಫಿಲ್ಮ್ ಅನ್ನು ನಾನು ಪ್ರದರ್ಶನಕ್ಕೆ ನಿಲ್ಲಿಸುವ ಗಾಡಿಗೆ, ಫೋಟೊ ತೆಗೆಸಲು ಬರುವವರಿಗೆ ಹಾಕಿಕೊಟ್ಟಿದ್ದೇನೆ, ಕೆಲಸ ಮುಗಿದ ಮೇಲೆ ಕಿತ್ತು ಕಳಿಸಿದ್ದೇನೆ. ನೆರಳಿನಲ್ಲಿ, ಗಾಳಿ ಇಲ್ಲದ ಕಡೆ ಮಾಡಬೇಕು. ನಮ್ಮೂರ ಆಷಾಢದ ಗಾಳಿಯಲ್ಲಿ ಫಿಲ್ಮ್ ಬಿಚ್ಚಿದರೆ ಅದು ನಿಮ್ಮ ಮುಖಕ್ಕೇ ಅಂಟುತ್ತದೆ. ಲೈಟಿನ ಅಳತೆಗಿಂತ ಎರಡು ಇಂಚು ಜಾಸ್ತಿ ಕತ್ತರಿಸಿ. ಲೆನ್ಸ್‌ಗೂ ಫಿಲ್ಮ್‌ನ ಅಂಟಿಗೂ ಸೋಪಿನ ನೀರು ಸಿಂಪಡಿಸಿ. ಆಗ ಫಿಲ್ಮ್ ಜಾರುತ್ತದೆ, ಸರಿಯಾಗಿ ಕೂರಿಸಲು ಬರುತ್ತದೆ. ನಡುವಿನಿಂದ ಅಂಚಿಗೆ ಸ್ಕ್ವೀಜಿಯಿಂದ (ನೀರು ತಳ್ಳುವ ಪಟ್ಟಿ) ನೀರು ತಳ್ಳಿ. ಹಳೆಯ ಎಟಿಎಂ ಕಾರ್ಡಿಗೆ ಬಟ್ಟೆ ಸುತ್ತಿದರೂ ನಡೆಯುತ್ತದೆ. ಉಬ್ಬು ತಗ್ಗು ಇರುವಲ್ಲಿ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಎಳೆಯಿರಿ. ಸುಕ್ಕು ಬಂದರೆ ಒತ್ತಿ ಕೂರಿಸಬೇಡಿ, ಎತ್ತಿ ಮತ್ತೆ ಬಿಸಿ ಮಾಡಿ. ಅಂಚು ಕತ್ತರಿಸುವಾಗ ಬ್ಲೇಡ್ ಲೈಟಿನ ಸಂದಿಯಲ್ಲಿ ಓಡಬೇಕು, ಬಣ್ಣದ ಮೇಲಲ್ಲ. ತೆಗೆಯುವಾಗಲೂ ಬಿಸಿ ಮಾಡಿ ನಿಧಾನಕ್ಕೆ ಎಳೆಯಿರಿ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ಕಾಲು ತಾಸು ಬಿಟ್ಟು ಒರೆಸಿ.

ಕುತೂಹಲಕ್ಕೆ ಫಿಲ್ಮ್ ಎಷ್ಟು ಬೆಳಕು ಬಿಡುತ್ತದೆಂದು ನೀವೇ ಅಳೆಯಬಹುದು. ಮೊಬೈಲಿನಲ್ಲಿ ಉಚಿತ ಲಕ್ಸ್ ಮೀಟರ್ ಆ್ಯಪ್ ಹಾಕಿಕೊಳ್ಳಿ. ಕತ್ತಲೆ ಕೋಣೆಯಲ್ಲಿ ಒಂದಡಿ ದೂರದಿಂದ ಟಾರ್ಚ್ ಬಿಟ್ಟು, ಬಂದ ಸಂಖ್ಯೆ ಬರೆದುಕೊಳ್ಳಿ. ಸೆನ್ಸರ್ ಮೇಲೆ ಫಿಲ್ಮ್ ತುಂಡು ಇಟ್ಟು ಮತ್ತೆ ನೋಡಿ. 400 ಇದ್ದದ್ದು 140ಕ್ಕೆ ಬಂದರೆ ಅದು ಶೇ 35ರ ಫಿಲ್ಮ್. ಅಂಗಡಿಯವರ “ಲೈಟ್ ಸ್ಮೋಕ್” ಮಾತಿಗಿಂತ ಈ ಸಂಖ್ಯೆಯನ್ನು ನಂಬಿ.

ಸ್ಪ್ರೇ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮನೆಯಲ್ಲಿ ಮೂರು ಕೋಟ್ ಒಂದೇ ಸಮ ಹೊಡೆಯುವುದು ಕಷ್ಟ, ಎಡದ ಲೈಟು ಒಂದು ಬಣ್ಣ, ಬಲದ್ದು ಇನ್ನೊಂದು ಬಣ್ಣ ಆಗುತ್ತದೆ. ಪ್ರತಿ ಕೋಟ್ ಹಿಂದಿನದರ ಬೆಳಕನ್ನು ಮತ್ತೆ ಕಡಿಯುತ್ತದೆ: ಶೇ 70 ಬಿಡುವ ಎರಡು ಕೋಟ್ ಸೇರಿದರೆ ಶೇ 49. ಧಾರವಾಡದ ಮಳೆಗಾಲದ ತೇವದಲ್ಲಿ ಲ್ಯಾಕರ್ ಹೊಡೆದರೆ ಹಾಲಿನ ಕೆನೆಯಂತೆ ಬೆಳ್ಳಗಾಗುತ್ತದೆ. ಇಷ್ಟರ ಮೇಲೆ ವಾಪಸ್ ತೆಗೆಯಬೇಕೆಂದರೆ ಉಜ್ಜುವುದೊಂದೇ ದಾರಿ. ದಿನಾ ಓಡುವ ಗಾಡಿಗೆ ಯಾರಿಗೂ ನಾನು ಹೇಳುವುದಿಲ್ಲ.

ನಿಮ್ಮ ಗೆಳೆಯ ಹೇಳಿದ ಎಲ್‌ಇಡಿ ಬಲ್ಬ್ ಉಪಾಯವನ್ನೂ ಎಷ್ಟೋ ಜನ ಮಾಡಿ ನೋಡಿ ನನ್ನ ಹತ್ತಿರ ಬಂದಿದ್ದಾರೆ. ಲೈಟಿನ ಒಳಗಿನ ಬೆಳ್ಳಿ ಬಟ್ಟಲು ತಂತಿ ಎಳೆ ಇರುವ ಜಾಗಕ್ಕೆ ಲೆಕ್ಕ ಹಾಕಿ ಮಾಡಿದ್ದು. ಎಲ್‌ಇಡಿಯ ಬೆಳಕು ಬೇರೆ ಜಾಗದಿಂದ, ಬೇರೆ ದಿಕ್ಕಿಗೆ ಬರುತ್ತದೆ. ನಡುವೆ ಒಂದು ಚುಕ್ಕೆ ಕಣ್ಣು ಕುಕ್ಕುತ್ತದೆ, ಉಳಿದದ್ದು ಕತ್ತಲೆ. ಇಂಡಿಕೇಟರ್‌ಗೆ ಹಾಕಿದರೆ ಕರೆಂಟ್ ಕಡಿಮೆ ಎಳೆಯುವುದರಿಂದ ಬಲ್ಬ್ ಹೋಗಿದೆ ಎಂದು ಗಾಡಿ ಅಂದುಕೊಳ್ಳುತ್ತದೆ, ಇಂಡಿಕೇಟರ್ ಟಕಟಕ ವೇಗವಾಗಿ ಮಿನುಗುತ್ತದೆ. ಜಾಸ್ತಿ ವ್ಯಾಟಿನ ಮಾಮೂಲಿ ಬಲ್ಬ್ ಹಾಕಿದರೆ ಹೋಲ್ಡರ್ ಕರಗುತ್ತದೆ.

ಹಾಗಾದರೆ ಹೊಸ ಗಾಡಿಗಳಿಗೆ ಕಂಪನಿಯಿಂದಲೇ ಸ್ಮೋಕ್ ಲೈಟ್ ಬರುತ್ತದಲ್ಲ? ಬರುತ್ತದೆ. ಅಲ್ಲಿ ಲೆನ್ಸ್ ಕಪ್ಪು ಎಂದು ಗೊತ್ತಿದ್ದೇ ಒಳಗಿನ ಬೆಳಕು, ಬಟ್ಟಲು ಎಲ್ಲ ಮಾಡಿರುತ್ತಾರೆ, ರಿಫ್ಲೆಕ್ಟರ್ ಬೇರೆ ಕಡೆ ಇಟ್ಟಿರುತ್ತಾರೆ, ಪರೀಕ್ಷೆ ಮಾಡಿಸಿರುತ್ತಾರೆ. ನಿಮ್ಮ ಮಾಡೆಲ್‌ಗೆ ಕಂಪನಿಯದ್ದೇ ಅಂಥ ಲೈಟು ಇದ್ದರೆ ದುಡ್ಡು ಕೂಡಿಸಿ ತಗೊಳ್ಳಿ.

ಕೆಲಸ ಮುಗಿದ ಮೇಲೆ ಒಮ್ಮೆ ದೂರದಿಂದ ನೋಡಿ. ಖಾಲಿ ಲೇಔಟಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಿ. ಹೈವೇ ಬೇಡ. 155 ಮೀಟರ್ ಅಂದರೆ ದೊಡ್ಡವರ ಮಾಮೂಲಿ ಹೆಜ್ಜೆಯಲ್ಲಿ ಇನ್ನೂರು ಹೆಜ್ಜೆಗೆ ಸ್ವಲ್ಪ ಜಾಸ್ತಿ. ರಾತ್ರಿ ಅಲ್ಲಿಂದ ಟೇಲ್ ಲೈಟ್ ನೋಡಿ. ಮಧ್ಯಾಹ್ನ ಬಿಸಿಲು ಲೈಟಿನ ಮೇಲೆ ಬೀಳುವ ಹಾಗೆ ನಿಲ್ಲಿಸಿ, ನಲವತ್ತು ಐವತ್ತು ಹೆಜ್ಜೆಯಿಂದ ಬ್ರೇಕ್ ಲೈಟ್ ನೋಡಿ. ಯಾವಾಗ ಬ್ರೇಕ್ ಒತ್ತುತ್ತಾರೆಂದು ಮೊದಲೇ ಹೇಳಬಾರದು. ಒತ್ತಿದ್ದು ನಿಮಗೆ ತಟ್ಟನೆ ಗೊತ್ತಾಗಬೇಕು.

ಲೆಕ್ಕ ಹಾಕಿದರೆ ಪಾಲಿಶಿಗೆ ನಾನೂರು, ವಿನೈಲ್‌ಗೆ ಮುನ್ನೂರು. ಉಳಿದ ಮುನ್ನೂರರಲ್ಲಿ ಎರಡು 21/5 ಬಲ್ಬ್ ತಂದು ಗ್ಲೋವ್ ಬಾಕ್ಸಿನಲ್ಲಿ ಇಡಿ. ಹಾಕುವಾಗ ಒಂದು ವಿಷಯ ಗಮನಿಸಿ. ಈ ಬಲ್ಬಿನ ಬುಡದ ಪಕ್ಕದಲ್ಲಿರುವ ಎರಡು ಮೊಳೆಗಳು ಒಂದೇ ಎತ್ತರದಲ್ಲಿ ಇರುವುದಿಲ್ಲ, ಒಂದು ಮೇಲೆ, ಇನ್ನೊಂದು ಕೆಳಗೆ. ಒಂದೇ ದಿಕ್ಕಿನಲ್ಲಿ ಕೂರುತ್ತದೆ. ಕೂರದಿದ್ದರೆ ಅರ್ಧ ಸುತ್ತು ತಿರುಗಿಸಿ ಹಾಕಿ. ಬಲವಂತವಾಗಿ ತುರುಕಿದರೆ ಟೇಲ್ ಎಳೆ ಬ್ರೇಕಿಗೂ ಬ್ರೇಕ್ ಎಳೆ ಟೇಲಿಗೂ ಅದಲು ಬದಲಾಗುತ್ತದೆ.